ಗಟ್ಟಿಯಾಗಿದ್ದರಷ್ಟೇ ಸಾಲದು



ನಿಮ್ಮ ಮನೆಯಲ್ಲಿ ಫ್ರಿಜ್ ಇದ್ದರೆ ಅದರಲ್ಲಿ ಫ್ರೀಜರ್ ಎಂಬ ಚಿಕ್ಕದೊಂದು ಕೋಣೆ ಇದ್ದೇ ಇರುತ್ತದೆ. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. 'ಓ, ಐಸ್ ಚೆನ್ನಾಗಿ ಕಟ್ಟುತ್ತದಲ್ಲ' ಎಂಬ ಉತ್ತರ ಬರುವುದೇ ಹೆಚ್ಚು. ಈ ಉತ್ತರ ಸುಳ್ಳಲ್ಲ. ಆದರೆ ಪೂರ್ತಿ ಉತ್ತರವೂ ಅಲ್ಲ.

ನೀರು ಮಂಜುಗಡ್ಡೆಯಾಗುವುದು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಹಾರವನ್ನು ತಿಂಗಳುಗಟ್ಟಲೆ ಇಡಬೇಕಾದ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ, ಅಂದರೆ ಮೈನಸ್ 18. ಇವೆರಡರ ನಡುವೆ ಹದಿನೆಂಟು ಮೆಟ್ಟಿಲುಗಳಿವೆ ಎಂದುಕೊಳ್ಳಿ. ಐಸ್ ಕಟ್ಟಿತು ಎಂದರೆ ನಾವು ಮೊದಲ ಮೆಟ್ಟಿಲಿನ ಬಳಿಗೆ ಬಂದೆವು ಎಂದಷ್ಟೇ ಅರ್ಥ. ಮೈನಸ್ 2ರ ಮಂಜುಗಡ್ಡೆಯೂ ಗಟ್ಟಿ, ಮೈನಸ್ 18ರ ಮಂಜುಗಡ್ಡೆಯೂ ಗಟ್ಟಿ. ಕಣ್ಣಿಗಾಗಲಿ ಬೆರಳಿಗಾಗಲಿ ಅವುಗಳ ವ್ಯತ್ಯಾಸ ತಿಳಿಯುವುದಿಲ್ಲ. ಒಳಗಿರುವ ಆಹಾರಕ್ಕೆ ಮಾತ್ರ ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಇಂದಿನ ಮಾತು ಈ ಹದಿನೆಂಟು ಮೆಟ್ಟಿಲುಗಳ ಬಗ್ಗೆ.

ಮೊದಲಿಗೆ, ಆಹಾರ ಕೆಡುವುದು ಹೇಗೆ ಎಂಬುದನ್ನು ನೋಡೋಣ. ಆಹಾರಕ್ಕೆ ಮುಖ್ಯವಾಗಿ ಮೂವರು ಶತ್ರುಗಳಿದ್ದಾರೆ. ಮೊದಲನೆಯದು ಸೂಕ್ಷ್ಮಜೀವಿಗಳು, ಅಂದರೆ ಬ್ಯಾಕ್ಟೀರಿಯ, ಯೀಸ್ಟ್ ಮತ್ತು ಬೂಷ್ಟು. ಬೆಚ್ಚಗಿನ, ತೇವದ ಜಾಗದಲ್ಲಿ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಚಳಿ ಹೆಚ್ಚಿದಂತೆ ಅವುಗಳ ಬೆಳವಣಿಗೆ ನಿಧಾನವಾಗುತ್ತದೆ. ಶೀತವನ್ನು ಬಹಳವಾಗಿ ಸಹಿಸಬಲ್ಲ ಬೂಷ್ಟುಗಳು ಕೂಡ ಮೈನಸ್ 10 ಡಿಗ್ರಿಗಿಂತ ಕೆಳಗೆ ಆಹಾರದ ಮೇಲೆ ಬೆಳೆಯುವುದು ತೀರ ಅಪರೂಪ. ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಫ್ರೀಜರ್ ಬ್ಯಾಕ್ಟೀರಿಯಗಳಲ್ಲಿ ಬಹುಪಾಲನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಹೊರಗೆ ತೆಗೆದು ಬೆಚ್ಚಗಾದ ಕೂಡಲೇ ಅವು ಎದ್ದು ತಮ್ಮ ಕೆಲಸ ಮುಂದುವರಿಸುತ್ತವೆ. ಆದ್ದರಿಂದ ಕೆಡತೊಡಗಿದ ಪದಾರ್ಥವನ್ನು ಫ್ರೀಜರಿನಲ್ಲಿಟ್ಟು ಸರಿಪಡಿಸಲು ಸಾಧ್ಯವಿಲ್ಲ. ಫ್ರೀಜರ್ ಕಾಲವನ್ನು ತಡೆದು ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಲಾರದು.

ಸೂಕ್ಷ್ಮಜೀವಿಗಳು ಮೈನಸ್ ಹತ್ತರಲ್ಲೇ ಸುಮ್ಮನಾಗುವುದಾದರೆ ಮೈನಸ್ ಹದಿನೆಂಟರವರೆಗೆ ಹೋಗುವುದೇಕೆ? ಕಾರಣ ಎರಡನೆಯ ಮತ್ತು ಮೂರನೆಯ ಶತ್ರು. ಎರಡನೆಯದು ಆಹಾರದ ಒಳಗೇ ಇರುವ ಕಿಣ್ವಗಳು. ಅವರೆಕಾಯಿಯ ಕಾಲದಲ್ಲಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಾಳು ಬಿಡಿಸಿ, ಹಿದುಕಿ, ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿ ಇಡುವುದುಂಟು. ಕೆಲವು ತಿಂಗಳ ನಂತರ ತೆಗೆದರೆ ಕಾಳಿನ ಬಣ್ಣ ಮಂಕಾಗಿ, ಸೊಗಡು ಹೋಗಿ, ಒಣಹುಲ್ಲಿನಂಥ ವಾಸನೆ ಬಂದಿರಬಹುದು. ಇದು ಕಿಣ್ವಗಳ ಕೆಲಸ. ಗಿಡದಿಂದ ಕಿತ್ತ ಮೇಲೂ ಅವು ಕೆಲಸ ನಿಲ್ಲಿಸುವುದಿಲ್ಲ. ಮೈನಸ್ ಐದರಲ್ಲೂ ಹತ್ತರಲ್ಲೂ ಮೆಲ್ಲನೆ ನಡೆಸುತ್ತಲೇ ಇರುತ್ತವೆ. ಕಾಳನ್ನು ಒಂದೆರಡು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ, ನೀರು ಬಸಿದು ಇಟ್ಟರೆ ಕಿಣ್ವಗಳ ಬಲ ಮುರಿಯುತ್ತದೆ. ಬಟಾಣಿಗೂ ಇದೇ ಉಪಾಯ.

ಮೂರನೆಯ ಶತ್ರು ಗಾಳಿ. ಗಾಳಿಯ ಆಮ್ಲಜನಕ ಕೊಬ್ಬಿನೊಡನೆ ಸೇರಿ ಕಮಟು ವಾಸನೆ ಹುಟ್ಟಿಸುತ್ತದೆ. ಕರಾವಳಿಯ ಬಂಗುಡೆ, ಭೂತಾಯಿಗಳಂಥ ಎಣ್ಣೆಯಂಶ ಹೆಚ್ಚಿರುವ ಮೀನುಗಳು ಫ್ರೀಜರಿನಲ್ಲಿ ಬೇಗ ರುಚಿ ಕಳೆದುಕೊಳ್ಳುವುದು ಇದರಿಂದಲೇ. ತುರಿದಿಟ್ಟ ತೆಂಗಿನಕಾಯಿಗೂ ಈ ಭಯವುಂಟು. ಇನ್ನೂ ಒಂದು ತೊಂದರೆಯಿದೆ. ಕರ್ಪೂರ ಕರಗದೆ ನೇರವಾಗಿ ಆವಿಯಾಗುವುದನ್ನು ನೀವು ನೋಡಿದ್ದೀರಿ. ಇದಕ್ಕೆ ಉತ್ಪತನ ಎನ್ನುತ್ತೇವೆ. ಮಂಜುಗಡ್ಡೆಯೂ ಹೀಗೆ ಮೆಲ್ಲಗೆ ಆವಿಯಾಗಬಲ್ಲದು. ಸರಿಯಾಗಿ ಸುತ್ತದೆ ಇಟ್ಟ ಮಾಂಸ ಅಥವಾ ಮೀನಿನ ಮೇಲೆ ಬಿಳಿಚಿದ, ಒಣಗಿದ ಕಲೆಗಳು ಮೂಡುವುದು ಇದರಿಂದ. ಉಷ್ಣತೆ ಪದೇ ಪದೇ ಏರಿಳಿದರೆ ಇದು ಹೆಚ್ಚುತ್ತದೆ. ಗಾಳಿ ಹೊರಗೆ ಹೋಗುವಂತೆ ಒತ್ತಿ, ಬಿಗಿಯಾಗಿ ಕಟ್ಟಿ, ಇಟ್ಟ ದಿನಾಂಕ ಬರೆದಿಡುವುದು ಇದಕ್ಕೆ ಮದ್ದು.

ಮೈನಸ್ ಹದಿನೆಂಟೇ ಏಕೆ, ಹದಿನೇಳೋ ಇಪ್ಪತ್ತೋ ಏಕಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಉತ್ತರ ಫ್ಯಾರನ್‌ಹೀಟ್ ಮಾಪಕದಲ್ಲಿದೆ. ಫ್ಯಾರನ್‌ಹೀಟರು 1724ರಲ್ಲಿ ಪ್ರಕಟಿಸಿದ ಮಾಪಕದ ಸೊನ್ನೆಯನ್ನು ಲೆಕ್ಕ ಹಾಕಿ ಸೆಲ್ಸಿಯಸ್‌ಗೆ ತಿರುಗಿಸಿ ನೋಡಿ. ಮೈನಸ್ 17.8 ಬರುತ್ತದೆ. ಹೆಪ್ಪುಗಟ್ಟಿಸಿದ ಆಹಾರದ ಉದ್ಯಮ ಬೆಳೆದದ್ದು ಫ್ಯಾರನ್‌ಹೀಟ್ ಬಳಸುವ ಅಮೆರಿಕದಲ್ಲಿ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ 1910ರ ದಶಕದಲ್ಲಿ ಕೆನಡಾದ ಲ್ಯಾಬ್ರಡಾರಿನಲ್ಲಿದ್ದಾಗ, ಅಲ್ಲಿನ ಇನ್ಯುಯಿಟ್ ಜನ ಹಿಡಿದ ಮೀನು ಕೊರೆಯುವ ಗಾಳಿಯಲ್ಲಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟುವುದನ್ನೂ, ತಿಂಗಳುಗಳ ಮೇಲೆ ಬೇಯಿಸಿದರೂ ತಾಜಾ ರುಚಿ ಇರುವುದನ್ನೂ ಕಂಡ. ಬೇಗ ಹೆಪ್ಪುಗಟ್ಟಿದರೆ ಹಿಮದ ಹರಳುಗಳು ಸಣ್ಣದಾಗಿರುತ್ತವೆ, ಜೀವಕೋಶಗಳನ್ನು ಹರಿಯುವುದಿಲ್ಲ ಎಂಬುದೇ ಅದರ ಗುಟ್ಟು. 1930ರ ಮಾರ್ಚ್ 6ರಂದು ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆತನ ವಿಧಾನದ ಆಹಾರಗಳು ಅಂಗಡಿಯಲ್ಲಿ ಮಾರಾಟಕ್ಕೆ ಬಂದವು. ಮುಂದೆ 1950ರ ದಶಕದ ಸುಮಾರಿನಲ್ಲಿ ಕ್ಯಾಲಿಫೋರ್ನಿಯದ ಆಲ್ಬನಿಯಲ್ಲಿರುವ ಸರ್ಕಾರಿ ಪ್ರಯೋಗಾಲಯದಲ್ಲಿ ಯಾವ ಆಹಾರ ಯಾವ ಉಷ್ಣತೆಯಲ್ಲಿ ಎಷ್ಟು ದಿನ ಬಾಳುತ್ತದೆ ಎಂಬ ದೀರ್ಘ ಪರೀಕ್ಷೆಗಳು ನಡೆದವು. ಸೊನ್ನೆ ಫ್ಯಾರನ್‌ಹೀಟ್‌ನಲ್ಲಿ ವರ್ಷದವರೆಗೆ ಚೆನ್ನಾಗಿರುವ ಪದಾರ್ಥ ಅದಕ್ಕಿಂತ ಐದಾರು ಸೆಲ್ಸಿಯಸ್ ಡಿಗ್ರಿ ಮೇಲೇರಿದರೆ ತಿಂಗಳುಗಳಿಗೆ, ಇನ್ನೂ ಐದಾರು ಡಿಗ್ರಿ ಏರಿದರೆ ವಾರಗಳಿಗೆ ಇಳಿಯಬಹುದೆಂದು ಕಂಡುಬಂತು. ಇಲ್ಲಿ ಉಷ್ಣತೆ ಏರುವುದು ಸ್ವಲ್ಪ, ಆಯಸ್ಸು ಕುಸಿಯುವುದು ಬಹಳ.

ಹಾಗೆಂದು ಮೈನಸ್ 18 ಎಂಬುದು ಪ್ರಕೃತಿ ಗೀರಿದ ಗೆರೆಯಲ್ಲ. ಅದು ಮನುಷ್ಯ ಅನುಭವದಿಂದ ಒಪ್ಪಿಕೊಂಡ, ನೆನಪಿಗೆ ಸುಲಭವಾದ ಒಂದು ಸಂಖ್ಯೆ. 2023ರಲ್ಲಿ ದುಬೈನಲ್ಲಿ ಹವಾಮಾನ ಸಮ್ಮೇಳನ ನಡೆದ ಸಂದರ್ಭದಲ್ಲಿ, ಸಾಗಣೆ ಮತ್ತು ದಾಸ್ತಾನಿನಲ್ಲಿ ಮೈನಸ್ 15 ಸಾಕು, ಅದರಿಂದ ವಿದ್ಯುತ್ ಬಹಳ ಉಳಿಯುತ್ತದೆ ಎಂಬ ವಾದವನ್ನು ಉದ್ಯಮದ ಕೆಲವರು ಮುಂದಿಟ್ಟರು. ಚರ್ಚೆಗೆ ಯೋಗ್ಯವಾದ ವಾದವೇ ಸರಿ. ಆದರೆ ದೊಡ್ಡ ಉಗ್ರಾಣಗಳಲ್ಲಿ ಹಗಲು ರಾತ್ರಿ ಉಷ್ಣತೆ ದಾಖಲಿಸುವ ಯಂತ್ರಗಳಿರುತ್ತವೆ. ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆರೆಯುವ ನಮ್ಮ ಅಡುಗೆಮನೆಯ ಫ್ರೀಜರಿಗೆ ಮೈನಸ್ 18 ಎಂಬ ಗುರಿ ಇಟ್ಟುಕೊಳ್ಳುವುದೇ ಕ್ಷೇಮ. ಅದಕ್ಕಿಂತ ತೀರ ಕೆಳಗೆ, ಮೈನಸ್ 25ಕ್ಕೆ ಇಳಿಸಿದರೆ ಮನೆಯ ಬಳಕೆಗೆ ಲಾಭ ಅಲ್ಪ, ಕರೆಂಟಿನ ಬಿಲ್ಲು ಮಾತ್ರ ಹೆಚ್ಚು.

ಈಗ ನಿಮ್ಮ ಫ್ರಿಜ್ಜಿನ ಬಳಿಗೆ ಬರೋಣ. ಅದರೊಳಗೆ 1ರಿಂದ 5 ಅಥವಾ 7ರವರೆಗೆ ಅಂಕಿಗಳಿರುವ ಒಂದು ತಿರುಗುಗುಂಡಿ ಇರಬಹುದು. ಈ ಅಂಕಿಗಳು ಡಿಗ್ರಿಗಳಲ್ಲ. ಸಾಮಾನ್ಯವಾಗಿ ಅಂಕಿ ದೊಡ್ಡದಾದಂತೆ ಚಳಿ ಹೆಚ್ಚು ಎಂದಷ್ಟೇ ಅವುಗಳ ಅರ್ಥ. ಗುಂಡಿಯ ಹಿಂದೆ ಥರ್ಮೋಸ್ಟಾಟ್ ಇರುತ್ತದೆ. ಒಳಗಿನ ಉಷ್ಣತೆ ಒಂದು ಮಟ್ಟಕ್ಕೆ ಏರಿದಾಗ ಅದು ಕಂಪ್ರೆಸರನ್ನು ಚಾಲೂ ಮಾಡುತ್ತದೆ, ಇಳಿದಾಗ ನಿಲ್ಲಿಸುತ್ತದೆ. ಫ್ರಿಜ್ ಆಗಾಗ ಗುಂಯ್ ಎನ್ನುವುದು, ಸುಮ್ಮನಾಗುವುದು ಇದರಿಂದಲೇ. ಹೊರಗೆ ಅಂಕಿ ತೋರಿಸುವ ಹೊಸ ಮಾದರಿಗಳಲ್ಲೂ ನಾವು ಬಯಸಿದ ಉಷ್ಣತೆ ಬೇರೆ, ಒಳಗೆ ಮೂಲೆಮೂಲೆಯಲ್ಲಿ ನಿಜವಾಗಿ ಇರುವ ಉಷ್ಣತೆ ಬೇರೆ ಆಗಿರಬಹುದು.

ಕೆಲವು ಫ್ರೀಜರ್‌ಗಳ ಬಾಗಿಲಿನ ಮೇಲೆ ನಕ್ಷತ್ರಗಳ ಗುರುತಿರುತ್ತದೆ. ಒಂದು ನಕ್ಷತ್ರವಿದ್ದರೆ ಮೈನಸ್ 6 ಡಿಗ್ರಿ, ಎರಡಿದ್ದರೆ ಮೈನಸ್ 12, ಮೂರಿದ್ದರೆ ಮೈನಸ್ 18. ಹೆಪ್ಪುಗಟ್ಟಿದ ಆಹಾರವನ್ನು ಕ್ರಮವಾಗಿ ಸುಮಾರು ಒಂದು ವಾರ, ಒಂದು ತಿಂಗಳು, ಮೂರು ತಿಂಗಳು ಇಡಲು ಇವು ತಕ್ಕವು. ನಾಲ್ಕು ನಕ್ಷತ್ರಗಳಿದ್ದರೆ ಹೊಸದಾಗಿ ತಂದ ಆಹಾರವನ್ನು ಅಲ್ಲೇ ಹೆಪ್ಪುಗಟ್ಟಿಸುವ ಶಕ್ತಿಯೂ ಇದೆ ಎಂದರ್ಥ. ಇದನ್ನು ಫ್ರಿಜ್ಜಿನ ಮೈಮೇಲೆ ಅಂಟಿಸಿರುವ ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿಯೊಡನೆ ಬೆರೆಸಬೇಡಿ. 2006ರಲ್ಲಿ ಆರಂಭವಾದ ಆ ಚೀಟಿ ವಿದ್ಯುತ್ ಉಳಿತಾಯವನ್ನು ಹೇಳುತ್ತದೆ, ಚಳಿಯನ್ನಲ್ಲ. ಒಂದೇ ಬಾಗಿಲಿನ ಫ್ರಿಜ್ಜುಗಳಲ್ಲಿ ಮೇಲಿರುವ ಚಿಕ್ಕ ಫ್ರೀಜರ್ ಪೆಟ್ಟಿಗೆ ಹಲವು ವೇಳೆ ಮೈನಸ್ ಹದಿನೆಂಟನ್ನು ಮುಟ್ಟುವುದೇ ಇಲ್ಲ. ಅದು ಕೆಟ್ಟ ಯಂತ್ರ ಎಂದು ತಿಳಿಯಬೇಕಿಲ್ಲ. ಅಲ್ಲಿ ತಿಂಗಳುಗಟ್ಟಲೆ ಇಡಬಾರದು, ವಾರ ಎರಡು ವಾರದಲ್ಲಿ ಬಳಸಬೇಕು ಎಂದು ತಿಳಿದರೆ ಸಾಕು.

ಹಾಗಾದರೆ ನಿಜ ತಿಳಿಯುವುದು ಹೇಗೆ? ಅಳೆಯುವುದರಿಂದ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಉಪಯೋಗಕ್ಕೆ ಬಾರದು. ಶಾಲೆಯ ಪ್ರಯೋಗಾಲಯದ ಸಾಮಾನ್ಯ ಥರ್ಮಾಮೀಟರಿನ ಅಳತೆ ಮೈನಸ್ ಹತ್ತರಿಂದಲೇ ಆರಂಭವಾಗುತ್ತದೆ. ಅದೂ ಸಾಲದು. ಪಾದರಸದ ಗಾಜಿನ ಕೊಳವೆಯನ್ನಂತೂ ಆಹಾರದ ಬಳಿ ಇಡಲೇಬಾರದು, ಒಡೆದರೆ ಅಪಾಯ. ಮೈನಸ್ 30ರವರೆಗೆ ತೋರಿಸುವ ಫ್ರಿಜ್ ಥರ್ಮಾಮೀಟರ್ ಅಗ್ಗದ ಬೆಲೆಗೇ ಸಿಗುತ್ತದೆ. ಅದನ್ನು ಫ್ರೀಜರಿನ ನಡುವೆ, ಹೆಪ್ಪುಗಟ್ಟಿದ ಎರಡು ಪೊಟ್ಟಣಗಳ ನಡುವೆ ಸಿಕ್ಕಿಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಓದಿ. ಗಾಳಿಯಲ್ಲಿ ತೂಗುಹಾಕಿದರೆ ಬಾಗಿಲು ತೆರೆದಾಗಲೆಲ್ಲ ಅದು ಏರುತ್ತದೆ. ನಮಗೆ ಬೇಕಾದದ್ದು ಆಹಾರದ ಉಷ್ಣತೆ, ಗಾಳಿಯದಲ್ಲ. ಮೈನಸ್ ಹದಿನೆಂಟಕ್ಕಿಂತ ಮೇಲಿದ್ದರೆ ಗುಂಡಿಯನ್ನು ಒಂದು ಅಂಕಿ ತಿರುಗಿಸಿ, ಇಡೀ ಒಂದು ದಿನ ಬಿಟ್ಟು ಮತ್ತೆ ನೋಡಿ. ಅವಸರದಲ್ಲಿ ಮೂರು ನಾಲ್ಕು ಅಂಕಿ ತಿರುಗಿಸಿದರೆ ಕೆಳಗಿನ ಖಾನೆಯ ಹಾಲು, ಸೊಪ್ಪು ಹೆಪ್ಪುಗಟ್ಟಬಹುದು. ಕೆಳಗಿನ ಖಾನೆ ಸೊನ್ನೆಗಿಂತ ಮೇಲೆ, 5 ಡಿಗ್ರಿಗಿಂತ ಕೆಳಗೆ ಇರಬೇಕು. ಅಲ್ಲಿ ಅಳೆಯಲು ಒಂದು ಲೋಟ ನೀರಿನಲ್ಲಿ ಥರ್ಮಾಮೀಟರನ್ನು ಇಟ್ಟು ರಾತ್ರಿಯೆಲ್ಲ ಬಿಟ್ಟರಾಯಿತು.

ಗುಂಡಿ ತಿರುಗಿಸಿದರೂ ಚಳಿ ಏರದಿದ್ದರೆ ಮೆಕ್ಯಾನಿಕ್ಕನ್ನು ಕರೆಯುವ ಮೊದಲು ನಾಲ್ಕು ಸಂಗತಿಗಳನ್ನು ನೋಡಿ. ಒಂದು, ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ. ಒಂದು ಕಾಗದದ ಹಾಳೆಯನ್ನು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ಎರಡು, ಹಿಮದ ಪದರ. ಅರ್ಧ ಸೆಂಟಿಮೀಟರಿಗಿಂತ ದಪ್ಪ ಹಿಮ ಕಟ್ಟಿದ್ದರೆ ಅದು ಕಂಬಳಿ ಹೊದಿಸಿದಂತೆ, ಚಳಿ ಆಹಾರಕ್ಕೆ ತಲುಪದಂತೆ ತಡೆಯುತ್ತದೆ. ಫ್ರಿಜ್ ಆರಿಸಿ ಅದನ್ನು ಕರಗಿಸಬೇಕು. ಚಾಕುವಿನಿಂದ ಕೆರೆಯಬೇಡಿ. ಒಳಗಿನ ಕೊಳವೆ ತೂತಾದರೆ ಅನಿಲ ಹೋಗುತ್ತದೆ. ಈಗಿನ ಅನೇಕ ಫ್ರಿಜ್ಜುಗಳಲ್ಲಿರುವ ಐಸೋಬ್ಯುಟೇನ್ ಉರಿಯುವ ಅನಿಲ ಎಂಬುದನ್ನೂ ಮರೆಯಬಾರದು. ಮೂರು, ಫ್ರಿಜ್ಜಿನ ಜಾಗ. ಒಳಗಿನ ಶಾಖವನ್ನು ಅದು ಹೊರಕ್ಕೆ ಹಾಕಬೇಕು. ಗೋಡೆಗೆ ಒತ್ತಿ, ಒಲೆಯ ಪಕ್ಕದಲ್ಲಿ ನಿಲ್ಲಿಸಿದರೆ ಆ ಶಾಖಕ್ಕೆ ದಾರಿಯಿಲ್ಲ. ನಾಲ್ಕು, ನಾವು ಒಳಗೆ ಇಡುವ ಬಿಸಿ.

ಈ ನಾಲ್ಕನೆಯದಕ್ಕೆ ಸಣ್ಣದೊಂದು ಲೆಕ್ಕ ಮಾಡೋಣ. 30 ಡಿಗ್ರಿಯಲ್ಲಿರುವ ಒಂದು ಕಿಲೋಗ್ರಾಂ ನೀರನ್ನು ಮೈನಸ್ ಹದಿನೆಂಟಕ್ಕೆ ತರಬೇಕು. ಸೊನ್ನೆಯವರೆಗೆ ತಣಿಸಲು 126 ಕಿಲೋಜೂಲ್ ಶಾಖ ತೆಗೆಯಬೇಕು. ಸೊನ್ನೆಯಲ್ಲೇ ನೀರನ್ನು ಮಂಜುಗಡ್ಡೆ ಮಾಡಲು 334 ಕಿಲೋಜೂಲ್. ಇದೇ ನೀವು ಪಾಠದಲ್ಲಿ ಓದಿದ ಗುಪ್ತೋಷ್ಣ. ಮಂಜುಗಡ್ಡೆಯನ್ನು ಸೊನ್ನೆಯಿಂದ ಮೈನಸ್ 18ಕ್ಕೆ ಇಳಿಸಲು ಕೇವಲ 38 ಕಿಲೋಜೂಲ್. ಒಟ್ಟು ಸುಮಾರು 500ರಲ್ಲಿ ಮೂರನೆಯ ಎರಡು ಭಾಗ ಹೆಪ್ಪುಗಟ್ಟಿಸುವುದಕ್ಕೇ ಹೋಯಿತು. ಒಂದೇ ಸಲ ನಾಲ್ಕಾರು ಕಿಲೋ ಹೊಸ ಪದಾರ್ಥ ತುಂಬಿದರೆ ಚಿಕ್ಕ ಯಂತ್ರ ತಿಣುಕುತ್ತದೆ, ಹಳೆಯ ಪೊಟ್ಟಣಗಳೂ ಬೆಚ್ಚಗಾಗುತ್ತವೆ. ತೆಳ್ಳಗೆ ಹರಡಿದ ಸಣ್ಣ ಪೊಟ್ಟಣಗಳನ್ನು, ಸ್ವಲ್ಪ ಸ್ವಲ್ಪವಾಗಿ, ದಿನ ಬಿಟ್ಟು ದಿನ ಇಡುವುದು ಜಾಣತನ.

ಈ ಲೆಕ್ಕದಲ್ಲೇ ಇನ್ನೊಂದು ಪಾಠವೂ ಅಡಗಿದೆ. ಕರೆಂಟು ಹೋದಾಗ ಎಲ್ಲವೂ ಹಿಂದುಮುಂದಾಗಿ ನಡೆಯುತ್ತದೆ. ಮೈನಸ್ ಹದಿನೆಂಟರಿಂದ ಸೊನ್ನೆಯ ಸಮೀಪಕ್ಕೆ ಏರಲು ಮಂಜುಗಡ್ಡೆಗೆ ಬೇಕಾದದ್ದು ಕೇವಲ 38 ಕಿಲೋಜೂಲ್. ಪೂರ್ತಿ ಕರಗಲು ಬೇಕಾದದ್ದು 334. ಅಂದರೆ ಅದು ಆ ಹದಿನೆಂಟು ಮೆಟ್ಟಿಲುಗಳನ್ನು ಬೇಗ ಬೇಗ ಹತ್ತಿಬಿಡುತ್ತದೆ. ಆಮೇಲೆ ಸೊನ್ನೆಯ ಬಳಿ ಬಹಳ ಹೊತ್ತು, ಗಟ್ಟಿಯಾಗಿಯೇ, ಕೂತಿರುತ್ತದೆ. ನಾವು ಮುಟ್ಟಿ ನೋಡಿ 'ಇನ್ನೂ ಗಟ್ಟಿಯಾಗಿದೆ, ಏನೂ ಆಗಿಲ್ಲ' ಎನ್ನುತ್ತೇವೆ. ಆದರೆ ಉಪ್ಪು, ಸಕ್ಕರೆಗಳು ಬೆರೆತಿರುವ ಆಹಾರದ ನೀರು ಶುದ್ಧ ನೀರಿಗಿಂತ ಮೊದಲೇ, ಮೈನಸ್ ಒಂದೆರಡು ಡಿಗ್ರಿಯಲ್ಲೇ ಬಹುಪಾಲು ಕರಗಿರುತ್ತದೆ. ಟ್ರೇಯಲ್ಲಿನ ಐಸ್ ತುಂಡು ಸಾಕ್ಷಿ ಹೇಳುವ ಹೊತ್ತಿಗೆ ಪಕ್ಕದ ಮೀನು ಮೆತ್ತಗಾಗಿರಬಹುದು.

ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ ಅದರ ಮೇಲೆ ಒಂದು ನಾಣ್ಯ ಇಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಊರಿಗೆ ಹೋಗಿ ಬಂದಾಗ ನಾಣ್ಯ ತಳ ಸೇರಿದ್ದರೆ, ನೀವಿಲ್ಲದಾಗ ದೀರ್ಘಕಾಲ ಕರೆಂಟು ಹೋಗಿತ್ತು, ಒಳಗಿನದೆಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿಯಬಹುದು. ಆಗ ಆ ಆಹಾರವನ್ನು ಎಸೆಯುವುದೇ ಸರಿ. ಆದರೆ ನಾಣ್ಯ ಮೇಲೆಯೇ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಿತ್ತು ಎಂದು ತೀರ್ಮಾನಿಸಲಾಗದು. ಏಕೆಂಬುದನ್ನು ಮೇಲಿನ ಲೆಕ್ಕವೇ ಹೇಳಿದೆ.

ಕರೆಂಟು ಹೋದರೆ ಮೊದಲ ನಿಯಮ, ಬಾಗಿಲು ತೆರೆಯಬೇಡಿ. ತುಂಬಿದ ಫ್ರೀಜರ್ ಬಾಗಿಲು ಮುಚ್ಚಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ ಸುಮಾರು 24 ಗಂಟೆ ಆಹಾರವನ್ನು ಕಾಪಾಡುತ್ತದೆ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಕೆಳಗಿನ ಖಾನೆಗೆ ಅದು ಕೊಡುವ ಅವಧಿ 4 ಗಂಟೆ ಮಾತ್ರ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ, ಫ್ರಿಜ್ಜಿನೊಳಗಿನ ಚಿಕ್ಕ ಫ್ರೀಜರ್ ಪೆಟ್ಟಿಗೆಯಿಂದ ಇಷ್ಟನ್ನು ನಿರೀಕ್ಷಿಸಬೇಡಿ. ಗಾತ್ರ ಚಿಕ್ಕದಾದಷ್ಟೂ ಅದಕ್ಕೆ ಹೋಲಿಸಿದರೆ ಮೈಯ ವಿಸ್ತಾರ ಹೆಚ್ಚು, ಶಾಖ ನುಗ್ಗುವುದೂ ಬೇಗ. ಖಾಲಿ ಜಾಗವಿದ್ದರೆ ನೀರಿನ ಪ್ಲಾಸ್ಟಿಕ್ ಬಾಟಲಿಗಳನ್ನು ಮುಕ್ಕಾಲು ತುಂಬಿ ಹೆಪ್ಪುಗಟ್ಟಿಸಿ ಇಡಿ. ಪೂರ್ತಿ ತುಂಬಬೇಡಿ, ನೀರು ಮಂಜುಗಡ್ಡೆಯಾಗುವಾಗ ಹಿಗ್ಗುತ್ತದೆ. ಕರೆಂಟು ಬಂದ ಮೇಲೆ ನೋಡಿದಾಗ ಹಿಮದ ಹರಳುಗಳು ಇನ್ನೂ ಉಳಿದಿದ್ದರೆ, ಅಥವಾ ಥರ್ಮಾಮೀಟರ್ 4 ಡಿಗ್ರಿಗಿಂತ ಹೆಚ್ಚು ತೋರಿಸದಿದ್ದರೆ ಆಹಾರವನ್ನು ಮತ್ತೆ ಹೆಪ್ಪುಗಟ್ಟಿಸಬಹುದು. ರುಚಿ ಸ್ವಲ್ಪ ಕುಗ್ಗೀತು, ಅಷ್ಟೆ. ಬೆಚ್ಚಗಾಗಿ ಗಂಟೆಗಳು ಕಳೆದ ಮಾಂಸ, ಮೀನು, ಐಸ್‌ಕ್ರೀಮುಗಳನ್ನು ಬಳಸಬಾರದು. 'ಚೆನ್ನಾಗಿ ಬೇಯಿಸಿದರೆ ಸರಿಹೋಗುತ್ತದೆ' ಎಂಬುದು ಅಪಾಯದ ನಂಬಿಕೆ. ಕೆಲವು ಬ್ಯಾಕ್ಟೀರಿಯಗಳು ಬಿಟ್ಟುಹೋದ ವಿಷ ಕುದಿಸಿದರೂ ನಾಶವಾಗುವುದಿಲ್ಲ. ವಾಸನೆ ನೋಡಿ, ರುಚಿ ನೋಡಿ ಅದನ್ನು ಕಂಡುಹಿಡಿಯಲೂ ಆಗದು.

ಹಾಗೆಯೇ, ಹೆಪ್ಪುಗಟ್ಟಿದ್ದನ್ನು ಕರಗಿಸಲು ಅಡುಗೆಮನೆಯ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಬಿಡಬಾರದು. ಒಳಗೆ ಇನ್ನೂ ಮಂಜುಗಡ್ಡೆಯಿರುವಾಗಲೇ ಹೊರಮೈಯಲ್ಲಿ ಬ್ಯಾಕ್ಟೀರಿಯಗಳ ಸಂತೆ ನೆರೆದಿರುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿಡುವುದು ಉತ್ತಮ.

ಕೊನೆಯದಾಗಿ ಒಂದು ಎಚ್ಚರಿಕೆ. ಚಳಿ ಎಲ್ಲಕ್ಕೂ ಹಿತವಲ್ಲ. ಮನೆಯಲ್ಲಿ ಅಜ್ಜನೋ ಅಮ್ಮನೋ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಎಲ್ಲಿಟ್ಟಿದ್ದಾರೆ ಎಂದು ಇಂದೇ ನೋಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರಿನಲ್ಲಾಗಲಿ, ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರ್ ಪೆಟ್ಟಿಗೆಗೆ ಅಂಟಿಕೊಂಡಾಗಲಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇರಬಹುದು, ಆದರೆ ಅದರ ಗುಣವನ್ನು ನಂಬುವಂತಿಲ್ಲ, ಬಳಸಬಾರದು. ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಗಳಿಗೂ ಇದೇ ಕಟ್ಟುನಿಟ್ಟು. ಹೆಪಟೈಟಿಸ್ ಬಿ ಲಸಿಕೆ ಹೆಪ್ಪುಗಟ್ಟಿದರೆ ಹಾಳು. ಪೋಲಿಯೋ ಹನಿಯನ್ನಾದರೋ ದೀರ್ಘಕಾಲ ಇಡಲು ಮೈನಸ್ 20ರ ಸುಮಾರಿನ ಚಳಿಯೇ ಬೇಕು. ಸರಿಯಾದ ಉಷ್ಣತೆ ಎಂಬುದು ಇಡುವ ವಸ್ತುವನ್ನು ಅವಲಂಬಿಸಿದೆ.

ಈ ವಾರ ನೀವು ಒಂದು ಪ್ರಯೋಗ ಮಾಡಬಹುದು. ನಾಲ್ಕೈದು ಗೆಳೆಯರು ಸೇರಿ ಒಂದು ಥರ್ಮಾಮೀಟರ್ ಕೊಂಡು, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಇಡಿ. ಬೆಳಿಗ್ಗೆ, ಅಡುಗೆಯ ಗಡಿಬಿಡಿ ಮುಗಿದ ಮೇಲೆ, ರಾತ್ರಿ ಮಲಗುವ ಮುನ್ನ, ಹೀಗೆ ದಿನಕ್ಕೆ ಮೂರು ಸಲ ಓದಿ ಬರೆದುಕೊಳ್ಳಿ. ಗುಂಡಿ ಯಾವ ಅಂಕಿಯಲ್ಲಿತ್ತು, ಫ್ರೀಜರ್ ಎಷ್ಟು ತುಂಬಿತ್ತು, ಕರೆಂಟು ಎಷ್ಟು ಹೊತ್ತು ಹೋಗಿತ್ತು ಎಂಬುದನ್ನೂ ಬರೆಯಿರಿ. ಗ್ರಾಫ್ ಕಾಗದದ ಮೇಲೆ ಗುರುತಿಸಿ ನಿಮ್ಮ ವಿಜ್ಞಾನದ ಮೇಷ್ಟರಿಗೆ ತೋರಿಸಿ. ಒಂದೇ ಅಂಕಿಯಲ್ಲಿಟ್ಟ ಎರಡು ಮನೆಗಳ ಫ್ರೀಜರ್‌ಗಳು ಎಷ್ಟು ಬೇರೆ ಬೇರೆಯಾಗಿರಬಲ್ಲವು ಎಂಬುದು ನಿಮಗೇ ತಿಳಿಯುತ್ತದೆ. ಮಗುವಿನ ಹಣೆ ಮುಟ್ಟಿ ಜ್ವರವಿದೆ ಎಂದು ತಿಳಿಯುವ ತಾಯಿಯೂ ಎಷ್ಟು ಡಿಗ್ರಿ ಎಂದು ತಿಳಿಯಲು ಥರ್ಮಾಮೀಟರನ್ನೇ ತೆಗೆಯುತ್ತಾಳೆ. ಮನೆಮಂದಿಯೆಲ್ಲ ಉಣ್ಣುವ ಅನ್ನದ ವಿಷಯದಲ್ಲೂ ಅಷ್ಟು ಕಾಳಜಿ ಇರಲಿ.